ಮೊಬೈಲಿನ ಕಿವಿಗೆ ತೋಡಿಯ ಗಾಂಧಾರ

ಕಛೇರಿಗಳಿಗೆ ಮೈಕು ಬಾರದ ಕಾಲದಲ್ಲಿ ಪಿಟೀಲಿನ ಸದ್ದು ಹಿಂದಿನ ಸಾಲಿನವರಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಬಿಡಾರಂ ಕೃಷ್ಣಪ್ಪನವರ ಶಿಷ್ಯ ಟಿ. ಚೌಡಯ್ಯನವರು (1895–1967) ಇದಕ್ಕೊಂದು ದಾರಿ ಕಂಡುಕೊಂಡರು. ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಬಿಗಿದು ಏಳು ತಂತಿಯ ಪಿಟೀಲು ಮಾಡಿಕೊಂಡರು. ನಾದ ತುಂಬಿಕೊಂಡಿತು, ಸಭೆಯ ಕೊನೆಯವರೆಗೂ ಹರಿಯಿತು. ಅದನ್ನು ನುಡಿಸುವುದು ಕಷ್ಟ, ಶ್ರುತಿ ಮಾಡಿಕೊಳ್ಳುವುದು ಅದಕ್ಕಿಂತ ಕಷ್ಟ. ಕೆಲವು ವರ್ಷಗಳಲ್ಲಿ ಧ್ವನಿವರ್ಧಕ ಬಂದು ಆ ಸಮಸ್ಯೆಯನ್ನೇ ಅಳಿಸಿಹಾಕಿತು. ಆದರೂ ಚೌಡಯ್ಯನವರು ಏಳು ತಂತಿ ಬಿಡಲಿಲ್ಲ. ಗಟ್ಟಿಯಾಗಿ ಕೇಳಲೆಂದು ಹುಟ್ಟಿದ ಉಪಾಯ ಅಷ್ಟರಲ್ಲಿ ಅವರ ನಾದವೇ ಆಗಿಬಿಟ್ಟಿತ್ತು.

ಹೊಸ ಸಲಕರಣೆ ಬಂದರೆ ಅದನ್ನು ಬಿಚ್ಚಿ, ತಿರುಚಿ, ತಮಗೆ ಬೇಕಾದಂತೆ ಮಾಡಿಕೊಳ್ಳುವ ಚಟ ಮೈಸೂರಿನ ಸಂಗೀತಗಾರರಿಗೆ ಹಳೆಯದು. ವೀಣೆ ಶೇಷಣ್ಣನವರು (1852–1926) ಪಿಯಾನೊ ಮುಟ್ಟಿದವರು, ಸ್ವರಬತ್, ಜಲತರಂಗ ನುಡಿಸಿದವರು. ಅರಮನೆಯಲ್ಲಿ ಕರ್ನಾಟಕ ವಾದ್ಯವೃಂದವೂ ಪಾಶ್ಚಾತ್ಯ ಬ್ಯಾಂಡೂ ಅಕ್ಕಪಕ್ಕದಲ್ಲಿದ್ದವು. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಸಣ್ಣ ಪ್ರೇಷಕವೊಂದನ್ನು ಇಟ್ಟುಕೊಂಡು ರೇಡಿಯೊ ನಡೆಸಿದರು. ಆಕಾಶವಾಣಿ ಎಂಬ ಹೆಸರಿಗೂ ಮೈಸೂರಿನ ನಂಟು ಅಲ್ಲಿಂದಲೇ.

ಈಗಿನ ಸಲಕರಣೆ ಜೇಬಿನಲ್ಲಿದೆ. ಕೃಷ್ಣಮೂರ್ತಿಪುರಂನಲ್ಲೋ ಕುವೆಂಪುನಗರದಲ್ಲೋ ಸಂಜೆ ಪಾಠ ನಡೆಯುವ ಮನೆಗೆ ಹೋದರೆ ತಂಬೂರಿ ಗೋಡೆಗೆ ಒರಗಿರುತ್ತದೆ, ಅದರ ಕೆಲಸವನ್ನು ಮೊಬೈಲು ಮಾಡುತ್ತಿರುತ್ತದೆ. ಶ್ರುತಿಗೆ ಒಂದು ಆ್ಯಪು, ತಾಳಕ್ಕೆ ಇನ್ನೊಂದು, ಸ್ವರ ಸರಿಯಿದೆಯೇ ಎಂದು ಗೆರೆ ಎಳೆದು ತೋರಿಸಲು ಮತ್ತೊಂದು. ಹಾಡು ಹುಡುಕಲು, ನಿಧಾನ ಮಾಡಿ ಕೇಳಲು, ದನಿಯನ್ನು ವಾದ್ಯದಿಂದ ಬಿಡಿಸಲು, ಕೊನೆಗೆ ಹಾಡನ್ನೇ ಹೊಸೆದು ಕೊಡಲು ತಂತ್ರಾಂಶಗಳಿವೆ. ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ನನ್ನ ಮಟ್ಟಿಗೆ ಇವು ಎರಡು ಜಾತಿ: ಕೇಳುವ ಯಂತ್ರಗಳು ಮತ್ತು ಹಾಡುವ ಯಂತ್ರಗಳು. ಮೊದಲನೆಯವು ನಮ್ಮ ಸಂಗೀತಕ್ಕೆ ನಿಜವಾಗಿ ಉಪಕಾರ ಮಾಡಿವೆ. ಎರಡನೆಯವು ಇನ್ನೂ ಹಾರ್ಮೋನಿಯಂ ಮನೆಗಳ ಮೇಲೆಯೇ ಕುಣಿಯುತ್ತಿವೆ.

ಶ್ರುತಿಯಿಂದಲೇ ಶುರುಮಾಡೋಣ. ಎಲೆಕ್ಟ್ರಾನಿಕ್ ತಂಬೂರಿ ಹುಟ್ಟಿದ್ದು ನಮ್ಮ ಪಕ್ಕದ ಬೆಂಗಳೂರಿನಲ್ಲಿ, 1979ರಲ್ಲಿ. ಸ್ವತಃ ಕೊಳಲು ನುಡಿಸುವ ಎಂಜಿನಿಯರ್ ಜಿ. ರಾಜ್ ನಾರಾಯಣ್ ಅದನ್ನು ರೂಪಿಸಿದರು. ಅವರ ರೇಡಲ್ ಸಂಸ್ಥೆಯ ಪೆಟ್ಟಿಗೆಗಳು ಮುಂದೆ ಎಷ್ಟೋ ಮನೆ ಸೇರಿದವು. ಮೊದಲ ಪೆಟ್ಟಿಗೆಗಳೊಳಗೆ ತಂತಿಯ ದನಿ ಇರಲಿಲ್ಲ, ತಂತಿಯಂತೆ ಕೇಳುವ ಸದ್ದನ್ನು ಸರ್ಕ್ಯೂಟೇ ತಯಾರಿಸುತ್ತಿತ್ತು. ಈಗಿನ ಆ್ಯಪುಗಳಲ್ಲಿರುವುದು ನಿಜವಾದ ತಂಬೂರಿಯ ಮೀಟು. ಒಂದೊಂದು ತಂತಿಯನ್ನೂ ಬೇರೆ ಬೇರೆಯಾಗಿ ಧ್ವನಿಮುದ್ರಿಸಿಕೊಂಡು, ಪಂಚಮ, ಸಾರಣೆಗಳೆರಡು, ಮಂದ್ರ ಷಡ್ಜ ಎಂಬ ಸರದಿಯಲ್ಲಿ ಜೋಡಿಸಿ, ನಿಮ್ಮ ಶ್ರುತಿಗೆ ಏರಿಸಿ ಇಳಿಸಿ ನುಡಿಸುತ್ತದೆ. ಒಂದು ಮನೆ, ಐದು ಮನೆ, ಐದೂವರೆ ಮನೆ ಎಂದು ನಾವು ಹೇಳುವುದನ್ನು ಅದು ಕಂಪನಗಳ ಲೆಕ್ಕದಲ್ಲಿ ಇಟ್ಟುಕೊಂಡಿರುತ್ತದೆ. ಗಂಡಸರ ಒಂದು ಮನೆ ಶ್ರುತಿಯ ಷಡ್ಜ ಸೆಕೆಂಡಿಗೆ ಸುಮಾರು 131 ಕಂಪನ, ಹೆಂಗಸರ ಐದು ಮನೆಯದು 196.

ಇದರಲ್ಲಿ ಕಳೆದುಕೊಂಡದ್ದು ಒಂದಿದೆ. ಬಿರಡೆ ತಿರುಗಿಸಿ, ಮಣಿ ಸರಿಸಿ, ಕುದುರೆಯ ಮೇಲಿನ ಜೀವಾಳದ ದಾರವನ್ನು ಕೂದಲೆಳೆಯಷ್ಟು ಆಚೀಚೆ ಎಳೆದು ನಾದ ಅರಳುವವರೆಗೆ ಕಾಯುವ ಕೆಲಸವೇ ಕಿವಿಗೆ ಮೊದಲ ಪಾಠವಾಗಿತ್ತು. ಆ್ಯಪು ಆ ಪಾಠವನ್ನು ದಾಟಿಸಿಬಿಡುತ್ತದೆ. ಆದರೆ ಬಾಡಿಗೆ ಮನೆಯ ಒಂದು ಕೋಣೆಯಲ್ಲಿ, ತಂಬೂರಿ ಕೊಳ್ಳುವ ಶಕ್ತಿಯಿಲ್ಲದೆ ಕಲಿಯುವ ಹುಡುಗಿಗೆ ಈ ಮಾತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅವಳಿಗೆ ದಿನದ ಯಾವ ಹೊತ್ತಿನಲ್ಲೂ ಶ್ರುತಿ ಸಿಕ್ಕಿದೆ. ಅದು ದೊಡ್ಡದು.

ಇನ್ನು ಕೇಳುವ ಯಂತ್ರದ ಅಸಲಿ ವಿಷಯ. ನೀವು ಹಾಡುತ್ತಿರುವಾಗ ಪರದೆಯ ಮೇಲೆ ಗೆರೆಯೊಂದು ಹಾವಿನಂತೆ ಹರಿಯುತ್ತದಲ್ಲ, ಅದಕ್ಕೆ ನಿಮ್ಮ ಸ್ವರ ಹೇಗೆ ಗೊತ್ತಾಯಿತು? ಮೈಕು ನಿಮ್ಮ ದನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳ ಸಾಲು ಮಾಡಿಕೊಳ್ಳುತ್ತದೆ. ಆ ಸಾಲಿನ ಒಂದು ತುಣುಕು ತೆಗೆದುಕೊಂಡು ತಂತ್ರಾಂಶವು ಅದನ್ನು ಅದರದೇ ನಕಲಿನ ಮೇಲಿಟ್ಟು ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ಜರುಗಿಸುತ್ತದೆ. ಎಷ್ಟು ಜರುಗಿಸಿದಾಗ ಎರಡೂ ಮತ್ತೆ ಸರಿಯಾಗಿ ಕೂಡಿಕೊಳ್ಳುತ್ತವೆಯೋ ಅಷ್ಟು ನಿಮ್ಮ ದನಿಯ ಒಂದು ಸುತ್ತಿನ ಅಳತೆ. ಒಂದು ಮನೆ ಶ್ರುತಿಯ ಷಡ್ಜವಾದರೆ ಸುಮಾರು 337 ಅಂಕಿ ಜರುಗಿಸಿದಾಗ ಕೂಡುತ್ತದೆ. ಅದರ ಎರಡರಷ್ಟು ಜರುಗಿಸಿದರೂ ಕೂಡುತ್ತದೆ ಎಂಬುದೇ ಇಲ್ಲಿನ ತೊಡಕು. ನೀವು ಮಧ್ಯ ಷಡ್ಜದಲ್ಲಿ ನಿಂತಿದ್ದರೂ ಗೆರೆ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಮಂದ್ರಕ್ಕೆ ಜಾರಿ ಬೀಳುವುದು ಈ ಕಾರಣಕ್ಕೆ. ಪಕ್ಕದಲ್ಲೇ ತಂಬೂರಿ ಆ್ಯಪನ್ನು ಜೋರಾಗಿ ಇಟ್ಟಿದ್ದರಂತೂ ಅದು ನಿಮ್ಮ ದನಿ ಬಿಟ್ಟು ತಂಬೂರಿಯನ್ನೇ ಅಳೆಯಲು ಹೊರಡುತ್ತದೆ. ಶ್ರುತಿಯನ್ನು ಇಯರ್‌ಫೋನಿನ ಒಂದು ಕಿವಿಗೆ ಹಾಕಿಕೊಂಡರೆ ಈ ರಗಳೆ ತಪ್ಪುತ್ತದೆ.

ಈ ಲೆಕ್ಕಾಚಾರ ಸಂಗೀತಕ್ಕೆಂದೇ ಹುಟ್ಟಿದ್ದಲ್ಲ. ಮಾತಿನ ದನಿಯನ್ನು ಅಭ್ಯಸಿಸುವವರು ಇದನ್ನು ಬೆಳೆಸಿದರು. ಮೈಸೂರಿಗೆ ಇದು ದೂರದ ವಿದ್ಯೆಯೂ ಅಲ್ಲ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಗಂಟಲು ಒಡೆದ ಮೇಷ್ಟ್ರು, ದನಿ ಕೆಟ್ಟ ಗಾಯಕರಿಗೆ ಅಲ್ಲಿ ದನಿಯ ಏರಿಳಿತ ಅಳೆದು ಚಿಕಿತ್ಸೆ ಕೊಡುವುದುಂಟು. ಆ ಶಾಸ್ತ್ರದವರು ಜಗತ್ತಿನಾದ್ಯಂತ ಬಳಸುವ ಪ್ರಾಟ್ ಎಂಬ ತಂತ್ರಾಂಶವನ್ನು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಬರೆದರು. ಉಚಿತವಾಗಿ ಸಿಗುತ್ತದೆ. ನೋಡಲು ಚೆಂದವೇನಲ್ಲ, ಆದರೆ ಅಂಗಡಿಯ ಎಷ್ಟೋ ಬಣ್ಣದ ಆ್ಯಪುಗಳಿಗಿಂತ ನಂಬಿಕಸ್ಥ. ಸಂಗೀತ ವಿದ್ಯಾರ್ಥಿಗಳು ಅದನ್ನು ಒಮ್ಮೆಯಾದರೂ ತೆರೆದು ನೋಡಬೇಕು.

ಹೀಗೆ ಮಾಡಿ. ಯಾವುದಾದರೂ ಗೆರೆ ಎಳೆಯುವ ಆ್ಯಪು ತೆರೆದು, ಶ್ರುತಿ ಸರಿಯಾಗಿ ನಮೂದಿಸಿ, ಮಾಯಾಮಾಳವಗೌಳದ ಸರಳೆ ವರಸೆ ಮೊದಲ ಕಾಲದಲ್ಲಿ ಹಾಡಿ. ಷಡ್ಜ, ಪಂಚಮಗಳಲ್ಲಿ ಗೆರೆ ಹಸಿರಾಗುತ್ತದೆ. ಗಾಂಧಾರಕ್ಕೆ ಬಂದಾಗ ಶ್ರುತಿಶುದ್ಧವಾಗಿ ಹಾಡಿದವರಿಗೂ ಕೆಲವು ಆ್ಯಪುಗಳು ‘ಸ್ವಲ್ಪ ಕಡಿಮೆಯಾಯಿತು’ ಎಂದು ತೋರಿಸುತ್ತವೆ. ಗಾಬರಿಯಾಗಬೇಕಿಲ್ಲ. ಒಂದು ಸ್ಥಾಯಿಯನ್ನು 1,200 ಪಾಲು ಮಾಡಿ, ಪ್ರತಿ ಪಾಲನ್ನೂ ಸೆಂಟ್ ಎಂದು ಕರೆಯುವುದು ವಾಡಿಕೆ. ಕೀಬೋರ್ಡಿನ ಲೆಕ್ಕದಲ್ಲಿ ಅಂತರ ಗಾಂಧಾರ ಷಡ್ಜದಿಂದ ಸರಿಯಾಗಿ 400 ಸೆಂಟ್ ಮೇಲಿದೆ. ತಂಬೂರಿಯ ಮಂದ್ರ ಷಡ್ಜದ ತಂತಿ ಮೀಟಿದಾಗ ತಾನಾಗಿ ಕೇಳಿಬರುವ, ನಮ್ಮವರು ಸ್ವಯಂಭೂ ಎನ್ನುವ ಗಾಂಧಾರವಿದೆಯಲ್ಲ, ಅದು 386. ಈ 14 ಸೆಂಟಿನ ಜಗಳದಲ್ಲಿ ತಂಬೂರಿಯ ಮಾತು ಕೇಳಿದವರನ್ನು ಆ್ಯಪು ಕೆಂಪು ಮಾಡಿ ತೋರಿಸುತ್ತದೆ. ಹನ್ನೆರಡು ಸಮಭಾಗದ ಅಳತೆಗೋಲು ಬಿಟ್ಟು ಶುದ್ಧ ಪ್ರಮಾಣದ ಅಳತೆಗೋಲು ಆರಿಸಿಕೊಳ್ಳುವ ಅವಕಾಶ ಒಳ್ಳೆಯ ಆ್ಯಪುಗಳಲ್ಲಿರುತ್ತದೆ. ಅದು ಸೆಟ್ಟಿಂಗ್ಸಿನ ಯಾವುದೋ ಮೂಲೆಯಲ್ಲಿ ಅಡಗಿರುತ್ತದೆ, ಹುಡುಕಿ ತೆಗೆಯಬೇಕು.

ಈಗ ಅದೇ ಆ್ಯಪಿನ ಮುಂದೆ ತೋಡಿ ಹಾಡಿ. ಸಾಧಾರಣ ಗಾಂಧಾರದ ಜಾಗದಲ್ಲಿ ನೇರವಾದ ಗೆರೆ ಬರುವುದೇ ಇಲ್ಲ. ಋಷಭದ ಹತ್ತಿರದಿಂದ ಎದ್ದು ಮಧ್ಯಮದ ಕಡೆಗೆ ಹೋಗಿ ಮತ್ತೆ ಇಳಿಯುವ ಅಲೆಗಳು ಬರುತ್ತವೆ. ಗಾಂಧಾರ ಎಂಬ ಮಟ್ಟವನ್ನು ಗೆರೆ ದಾಟಿ ಹೋಗುತ್ತದೆ, ಅಲ್ಲಿ ನಿಲ್ಲುವುದಿಲ್ಲ. ಆದರೂ ಕೇಳುವವರಿಗೆ ಗಾಂಧಾರವೇ ಕೇಳುತ್ತದೆ. ಅಲ್ಲಿ ಅಲುಗದೆ ನಿಂತರೆ ಆ್ಯಪು ನೂರಕ್ಕೆ ನೂರು ಕೊಡುತ್ತದೆ, ಗುರುಗಳು ತಲೆ ಚಚ್ಚಿಕೊಳ್ಳುತ್ತಾರೆ. ಈ ಗೆರೆಯನ್ನು ಮಾರ್ಕು ಹಾಕುವ ಮೇಷ್ಟ್ರೆಂದು ತಿಳಿದರೆ ಕೆಟ್ಟಿರಿ. ಕನ್ನಡಿ ಎಂದು ತಿಳಿದರೆ ಬಹಳ ಪ್ರಯೋಜನವಿದೆ. ಗುರುಗಳ ಒಂದು ಸಂಗತಿ ಮುದ್ರಿಸಿಕೊಂಡು, ಅದರ ಗೆರೆಯನ್ನೂ ನಿಮ್ಮ ಗೆರೆಯನ್ನೂ ಒಂದರ ಕೆಳಗೊಂದು ಇಟ್ಟು ನೋಡಿ. ಅಲೆ ಎಷ್ಟು ಅಗಲ, ಎಷ್ಟು ವೇಗ, ಎಲ್ಲಿಂದ ಎದ್ದಿತು, ಎಲ್ಲಿ ಒಂದು ಕ್ಷಣ ತಡೆಯಿತು, ಎಲ್ಲವೂ ಕಾಣುತ್ತದೆ. ‘ಇನ್ನೂ ಸ್ವಲ್ಪ ಒತ್ತಿ ಹೇಳು’ ಎಂದು ಗುರುಗಳು ಹತ್ತು ಸಲ ಹೇಳಿದ್ದು ಕಣ್ಣಿಗೆ ಬೀಳುತ್ತದೆ.

ಈ ದಾರಿಯಲ್ಲಿ ಗಂಭೀರವಾಗಿ ಕೆಲಸ ಮಾಡಿದವರು ನಮ್ಮಲ್ಲೂ ಇದ್ದಾರೆ. ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಜೇವಿಯರ್ ಸೆರಾ ಅವರ ಮುಂದಾಳತ್ವದಲ್ಲಿ 2011ರಲ್ಲಿ ಕಾಂಪ್‌ಮ್ಯೂಸಿಕ್ ಎಂಬ ಸಂಶೋಧನಾ ಯೋಜನೆ ಆರಂಭವಾಯಿತು. ಪಾಶ್ಚಾತ್ಯವಲ್ಲದ ಐದು ಸಂಗೀತ ಪರಂಪರೆಗಳನ್ನು, ಅವುಗಳಲ್ಲಿ ಕರ್ನಾಟಕ ಸಂಗೀತವನ್ನೂ, ಕಂಪ್ಯೂಟರಿಗೆ ಅವುಗಳದೇ ಪರಿಭಾಷೆಯಲ್ಲಿ ಕಲಿಸುವುದು ಅದರ ಗುರಿ. ಮದ್ರಾಸ್ ಮತ್ತು ಬಾಂಬೆ ಐಐಟಿಗಳು ಕೈಜೋಡಿಸಿದವು. ಆ ಯೋಜನೆಯಲ್ಲಿ ಕೆಲಸ ಮಾಡಿದ ಭಾರತೀಯ ಸಂಶೋಧಕರು ಕಟ್ಟಿದ ಕಂಪನಿಯ ರಿಯಾಜ್ ಆ್ಯಪು ಇವತ್ತು ಸಾಕಷ್ಟು ಹೆಸರು ಮಾಡಿದೆ. ಹಿಂದೂಸ್ತಾನಿ ಗಾಯಕ ಸಂದೀಪ್ ರಾನಡೆ ಬರೆದ ನಾದಸಾಧನಾ ಆ್ಯಪಿಗೆ 2021ರಲ್ಲಿ ಆ್ಯಪಲ್‌ನ ವಿನ್ಯಾಸ ಪ್ರಶಸ್ತಿ ಬಂತು. ಹಾಡುವವರೇ ಕೋಡ್ ಬರೆದರೆ ಏನಾಗುತ್ತದೆ ಎಂಬುದಕ್ಕೆ ಅದು ಒಳ್ಳೆಯ ಮಾದರಿ.

ನನ್ನನ್ನು ಕೇಳಿದರೆ, ಕಲಿಯುವವರಿಗೆ ಗೆರೆಗಿಂತಲೂ ಹೆಚ್ಚು ಉಪಕಾರ ಮಾಡಿದ್ದು ಯಾರೂ ಹೊಗಳದ ಇನ್ನೊಂದು ಗುಂಡಿ: ಶ್ರುತಿ ಕೆಡದಂತೆ ನಿಧಾನ ಮಾಡುವುದು. ಹಳೆಯ 78 ಸುತ್ತಿನ ತಟ್ಟೆಯನ್ನು ನಿಧಾನವಾಗಿ ತಿರುಗಿಸಿದರೆ ಕಾಲವೂ ಇಳಿಯುತ್ತಿತ್ತು, ಶ್ರುತಿಯೂ ಇಳಿಯುತ್ತಿತ್ತು, ಹೆಣ್ಣುದನಿ ಗಂಡುದನಿಯಾಗುತ್ತಿತ್ತು. ಎರಡನ್ನೂ ಬಿಡಿಸುವ ಲೆಕ್ಕವನ್ನು 1966ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲ್ಯಾನಗನ್ ಮತ್ತು ಗೋಲ್ಡನ್ ಪ್ರಕಟಿಸಿದರು. ಅವರ ತಲೆಯಲ್ಲಿದ್ದದ್ದು ಟೆಲಿಫೋನ್ ಮಾತು. ದನಿಯನ್ನು ಚಿಕ್ಕ ಚಿಕ್ಕ ತುಣುಕು ಮಾಡಿ, ಪ್ರತಿ ತುಣುಕಿನಲ್ಲಿ ಯಾವ ಯಾವ ಕಂಪನ ಎಷ್ಟೆಷ್ಟಿದೆ ಎಂದು ಬರೆದಿಟ್ಟುಕೊಂಡು, ಆಮೇಲೆ ಅದೇ ಕಂಪನಗಳನ್ನು ಹೆಚ್ಚು ಹೊತ್ತು ನುಡಿಸುವುದು ಅದರ ತಿರುಳು. ಇವತ್ತು ಯೂಟ್ಯೂಬಿನಲ್ಲೂ ವೇಗ ಅರ್ಧ ಮಾಡುವ ಗುಂಡಿಯಿದೆ, 2000ದಲ್ಲಿ ಹೊರಬಂದ ಉಚಿತ ತಂತ್ರಾಂಶ ಆಡಾಸಿಟಿಯಲ್ಲೂ ಇದೆ. ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ತಾನವನ್ನು ಅರ್ಧ ವೇಗದಲ್ಲಿಟ್ಟು ಕೇಳಿ. ಯಾವ ಮೀಟು ಬಲಗೈಯದು, ಯಾವ ಸ್ವರ ಮೀಟಿಲ್ಲದೆ ಎಡಗೈ ಎಳೆತದಲ್ಲೇ ಬಂತು ಎಂದು ಬಿಡಿಬಿಡಿಯಾಗಿ ತಿಳಿಯುತ್ತದೆ. ಎದುರಿಗೆ ಕೂತು ಕಲಿತವರಿಗಷ್ಟೇ ಸಿಗುತ್ತಿದ್ದ ಗುಟ್ಟಿನ ಒಂದು ಪಾಲು ಹೀಗೆ ಹೊರಬಿದ್ದಿದೆ. ಒಂದು ಎಚ್ಚರಿಕೆ ಮಾತ್ರ: ತೀರ ಕಾಲು ವೇಗಕ್ಕೆ ಇಳಿಸಿದರೆ ತಂತ್ರಾಂಶ ತನ್ನದೇ ನಡುಕ ಸೇರಿಸುತ್ತದೆ, ಅದನ್ನೂ ಗಮಕವೆಂದು ಕಲಿತುಬಿಟ್ಟೀರಿ.

ಹಾಡುವ ಯಂತ್ರಗಳ ಕಡೆಗೆ ಬಂದರೆ ಚಿತ್ರ ಬೇರೆ. ಸಂಗೀತ ಕಟ್ಟುವ ಹೆಚ್ಚಿನ ತಂತ್ರಾಂಶಗಳ ಬೆನ್ನೆಲುಬು 1983ರಲ್ಲಿ ಬಂದ ಮಿಡಿ ಎಂಬ ಸಂಕೇತ ಪದ್ಧತಿ. ಅದರಲ್ಲಿ ಸ್ವರವೆಂದರೆ ಒಂದು ಮನೆ: ಒತ್ತಿದರೆ ಶುರು, ಬಿಟ್ಟರೆ ಮುಗಿಯಿತು. ಅಂಥ 128 ಮನೆಗಳು. ಮನೆಯಿಂದ ಮನೆಗೆ ಜಾರಲು ಬೇಕೆಂದರೆ ಪಕ್ಕದಲ್ಲಿ ಒಂದು ಚಕ್ರ. ಅದರ ಓಟವನ್ನು 16,384 ಹೆಜ್ಜೆಗಳಾಗಿ ಭಾಗಿಸಿದ್ದಾರೆ. ಸೂಕ್ಷ್ಮತೆಗೆ ಕೊರತೆಯಿಲ್ಲ. ಆದರೆ ಈ ಪದ್ಧತಿ ಸ್ವರವನ್ನು ಮೊದಲು ನಿಲ್ಲಿಸಿ ಆಮೇಲೆ ಅಲುಗಿಸುತ್ತದೆ, ನಮ್ಮಲ್ಲಿ ಅಲುಗಾಟವೇ ಸ್ವರ. ಚಕ್ರವನ್ನು ಎಡಗೈಯಲ್ಲಿ ಆಡಿಸುತ್ತಾ ಕೀಬೋರ್ಡಿನಲ್ಲಿ ಕಛೇರಿ ನಡೆಸುವ ಕೆ. ಸತ್ಯನಾರಾಯಣನ್ ಅವರಂಥ ಕಲಾವಿದರು ಚೆನ್ನೈನಲ್ಲಿದ್ದಾರೆ, ಆ ಸಾಹಸ ಎಲ್ಲರದಲ್ಲ. ಚೆನ್ನೈನ ಎಂ. ಸುಬ್ರಮಣಿಯನ್ ಬರೆದ ಗಾಯಕ ಎಂಬ ತಂತ್ರಾಂಶ ಬೇರೆ ದಾರಿ ಹಿಡಿಯಿತು. ಸರಿಗಮಗಳನ್ನು ಅಕ್ಷರದಲ್ಲೇ ಟೈಪು ಮಾಡಿದರೆ ಅದು ರಾಗಕ್ಕೆ ತಕ್ಕ ಗಮಕ ಸೇರಿಸಿ ವೀಣೆಯ ದನಿಯಲ್ಲಿ ನುಡಿಸುತ್ತದೆ. ನಮ್ಮ ಪಾಠದ ಪುಸ್ತಕ ಹೇಗಿದೆಯೋ ಹಾಗೇ ಬರೆಯಬಹುದು ಎಂಬುದೇ ಅದರ ಸೊಗಸು. ದೊಡ್ಡ ಕಂಪನಿಗಳ ಹತ್ತಾರು ಸಾವಿರ ರೂಪಾಯಿಯ ಪೊಟ್ಟಣಗಳಿಗೆ ಹೊಳೆಯದ ಉಪಾಯವಿದು.

ತಾಳದಲ್ಲಿ ಅಷ್ಟು ತೊಂದರೆಯಿಲ್ಲ. ಮಿಶ್ರಛಾಪಿಗೆ ಏಳು, ಖಂಡಛಾಪಿಗೆ ಐದು ಎಂದು ಹೇಳಿಕೊಟ್ಟರೆ ಯಾವ ತಂತ್ರಾಂಶವೂ ಎಣಿಸುತ್ತದೆ. ಗಡಿಯಾರದ ಲೆಕ್ಕಕ್ಕೆ ಹಾಡನ್ನು ಕೂರಿಸುವುದು ನಮ್ಮ ಸರ್ಕಾರಕ್ಕೂ ಬೇಕಾಗಿತ್ತು: 2022ರಲ್ಲಿ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪವಿಲ್ಲದೆ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶ ಬಂತು. ಶಾಲೆಯ ವಾರ್ಷಿಕೋತ್ಸವಕ್ಕೆ ಟ್ರ್ಯಾಕ್ ಮಾಡಿಕೊಡುವ ಸ್ಟುಡಿಯೊದವರಿಗೆ ಇದರಿಂದ ಕೆಲಸ ಹಗುರವಾಗಿರಬೇಕು. ಭಾವಗೀತೆಗೆ ಕೀಬೋರ್ಡ್, ತಬಲಾ ಲೂಪು ಹಾಕಿ ಮನೆಯಲ್ಲೇ ಹಾಡು ಮುಗಿಸುವವರಿಗೆ ಈ ತಂತ್ರಾಂಶಗಳು ಕಾಮಧೇನುವೇ ಸರಿ. ನನ್ನ ತಕರಾರು ರಾಗದ ವಿಷಯಕ್ಕೆ ಮಾತ್ರ.

ದನಿಯನ್ನು ಪಕ್ಕವಾದ್ಯದಿಂದ ಬಿಡಿಸಿ ಕೊಡುವ ತಂತ್ರಾಂಶಗಳೂ ಪಾಶ್ಚಾತ್ಯ ಹಾಡಿನ ಮೇಲೆ ಪಳಗಿದವು. 2019ರಲ್ಲಿ ಫ್ರಾನ್ಸಿನ ಡೀಝರ್ ಕಂಪನಿ ಬಿಟ್ಟ ಸ್ಪ್ಲೀಟರ್ ಹಾಡನ್ನು ದನಿ, ಡ್ರಮ್ಮು, ಬಾಸ್, ಉಳಿದದ್ದು ಎಂದು ನಾಲ್ಕು ಪಾಲು ಮಾಡುತ್ತದೆ. ಬಲಭಾಗ ಷಡ್ಜಕ್ಕೆ ಶ್ರುತಿಗೊಂಡ ನಮ್ಮ ಮೃದಂಗ ಡ್ರಮ್ಮೋ ಬಾಸೋ ಎಂದು ಅದಕ್ಕೆ ಗೊಂದಲ. ಗಾಯಕರ ನೆರಳಿನಂತೆ ಹಿಂದೆಯೇ ಬರುವ ಪಿಟೀಲು ದನಿಗೇ ಅಂಟಿಕೊಂಡು ಬರುತ್ತದೆ. ಸಿನಿಮಾ ಹಾಡಿಗೆ ಚೆನ್ನಾಗಿ ಕೆಲಸ ಮಾಡುತ್ತದೆ.

ಮಾತಿನಲ್ಲಿ ಕೇಳಿದರೆ ಹಾಡನ್ನೇ ಕೊಡುವ ಎಐ ಯಂತ್ರಗಳ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ. ಕೋಟಿಗಟ್ಟಲೆ ಧ್ವನಿಮುದ್ರಣಗಳನ್ನೂ ಅವುಗಳ ಮೇಲಿನ ವಿವರಣೆಗಳನ್ನೂ ಒಟ್ಟಿಗೆ ಓದಿ, ಯಾವ ವಿವರಣೆಗೆ ಯಾವ ಬಗೆಯ ಸದ್ದು ಎಂಬ ಸಂಭವವನ್ನು ಅವು ಕಲಿತಿರುತ್ತವೆ. ಅವು ಓದಿದ ರಾಶಿಯಲ್ಲಿ ಮೋಹನ ಎಂಬ ಚೀಟಿ ಅಂಟಿಸಿದ ಹಾಡು ಬೆರಳೆಣಿಕೆಯಷ್ಟಿದ್ದರೆ, ‘ಮೋಹನ ರಾಗದಲ್ಲಿ ದಸರಾ ಗೀತೆ’ ಎಂದು ಕೇಳಿದವರಿಗೆ ಸಿಗುವುದು ಭಾರತದ್ದೆಂದು ತೋರುವ ಏನೋ ಒಂದು. ಯಾರ ಹಾಡು ಓದಿ ಕಲಿತಿರಿ, ಅವರನ್ನು ಕೇಳಿದಿರಾ ಎಂದು ಅಮೆರಿಕದ ದೊಡ್ಡ ರೆಕಾರ್ಡ್ ಕಂಪನಿಗಳು 2024ರಲ್ಲಿ ಸುನೋ, ಉಡಿಯೊ ಎಂಬ ಎರಡು ಸಂಸ್ಥೆಗಳ ಮೇಲೆ ದಾವೆ ಹೂಡಿದವು. ನಮ್ಮ ವಿದ್ವಾಂಸರ ಪರವಾಗಿ ಅಂಥ ಪ್ರಶ್ನೆ ಯಾರು ಕೇಳಬೇಕೋ!

ಹೊಸ ಸಂಗೀತ ಹುಡುಕಿಕೊಳ್ಳುವ ವಿಷಯಕ್ಕೆ ಮೈಸೂರಿನಲ್ಲಿ ದೊಡ್ಡ ಉದಾಹರಣೆಯೊಂದಿದೆ. ಜಯಚಾಮರಾಜ ಒಡೆಯರ್ (1919–1974) ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿ ರಚಿಸಿದ ವಾಗ್ಗೇಯಕಾರರು. ಅವರಿಗೆ ಪಾಶ್ಚಾತ್ಯ ಸಂಗೀತದ ಗೀಳೂ ಅಷ್ಟೇ ಇತ್ತು. ಅವರನ್ನು ಕಾಣಲು ಬಂದಿದ್ದ ಎಚ್‌ಎಂವಿಯ ನಿರ್ಮಾಪಕ ವಾಲ್ಟರ್ ಲೆಗ್, ಅರಮನೆಯ ರೆಕಾರ್ಡು ಭಂಡಾರ, ಸಾಲು ಸಾಲು ಲೌಡ್‌ಸ್ಪೀಕರು, ದೊಡ್ಡ ಪಿಯಾನೊಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಲಂಡನ್ನಿನಲ್ಲಿ ಕಾಯಿಲೆ ಬಿದ್ದು, ಹೆಚ್ಚಿನವರು ಮರೆತಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು 1948ರ ಸುಮಾರಿಗೆ ಒಡೆಯರು ಹಣ ಕೊಟ್ಟರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ಆ ಧ್ವನಿಮುದ್ರಣಗಳು ಇಲ್ಲದಿದ್ದರೆ ಅವನ ಕೈ ಹೇಗೆ ಓಡುತ್ತಿತ್ತೆಂದು ಇವತ್ತು ನಮಗೆ ಇಷ್ಟೂ ತಿಳಿಯುತ್ತಿರಲಿಲ್ಲ.

ಈಗಿನ ಹಾಡಿನ ಆ್ಯಪುಗಳ ಶಿಫಾರಸು ನಡೆಯುವುದು ಮುಖ್ಯವಾಗಿ ಜೊತೆಗಾರರ ಲೆಕ್ಕದಲ್ಲಿ: ನೀವು ಕೇಳಿದ್ದನ್ನೇ ಕೇಳಿದ ಬೇರೆಯವರು ಇನ್ನೇನು ಕೇಳಿದರು, ಅದನ್ನು ನಿಮಗೂ ತೋರಿಸು. ಬಹುಜನರಿಗೆ ಇದು ಚೆನ್ನಾಗಿಯೇ ಒದಗುತ್ತದೆ. ಆದರೆ ಚಾಮುಂಡಿಯ ಕೃತಿ ಕೇಳುತ್ತಾ ಮೆಟ್ನರನ್ನು ಹುಡುಕುವವರಿಗೆ ಜೊತೆಗಾರರೇ ಇಲ್ಲ. ಒಡೆಯರಿಗೆ ಇಂಥ ಆ್ಯಪು ಕೊಟ್ಟಿದ್ದರೆ ಅದು ಅವರಿಗೆ ಮೆಟ್ನರನ್ನು ತೋರಿಸುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ಇನ್ನೊಂದು ಬಗೆ, ಕೇಳಿಸಿದ ಹಾಡನ್ನು ಗುರುತಿಸುವುದು. ಶಝಾಮ್ ಇದಕ್ಕೆ ಹೆಸರುವಾಸಿ. ಅದು ಸದ್ದಿನ ಚಿತ್ರದಲ್ಲಿ ಎದ್ದು ಕಾಣುವ ಶಿಖರಗಳನ್ನು ಗುರುತು ಹಾಕಿಕೊಂಡು, ಜೋಡಿ ಜೋಡಿ ಶಿಖರಗಳ ನಡುವಿನ ಅಂತರವನ್ನು ತನ್ನ ಭಂಡಾರದೊಂದಿಗೆ ಹೋಲಿಸುತ್ತದೆ. ಹಾಗಾಗಿ ಗುರುತು ಸಿಗುವುದು ಆ ಒಂದು ಧ್ವನಿಮುದ್ರಣಕ್ಕೆ. ದಸರೆಯಲ್ಲಿ ಅರಮನೆಯ ಅಂಗಳದಲ್ಲಿ ಕೂತು, ವೇದಿಕೆಯ ಮೇಲೆ ಆಗತಾನೆ ಹುಟ್ಟುತ್ತಿರುವ ಆಲಾಪನೆಯ ಕಡೆಗೆ ಮೊಬೈಲು ಹಿಡಿದರೆ ಅದು ಕೈ ಚೆಲ್ಲುತ್ತದೆ. ರಾಗ ಗುರುತಿಸುವುದು ಬೇರೆಯೇ ಲೆಕ್ಕ. ಮೊದಲು ಷಡ್ಜ ಯಾವುದೆಂದು ಕಂಡುಕೊಳ್ಳಬೇಕು, ಆಮೇಲೆ ಹನ್ನೆರಡು ಸ್ವರಸ್ಥಾನಗಳಲ್ಲಿ ಯಾವುದರ ಹತ್ತಿರ ಎಷ್ಟು ಹೊತ್ತು ಓಡಾಡಿದರು ಎಂದು ಕೂಡಿಸಬೇಕು. ಕಲ್ಯಾಣಿಗೂ ತೋಡಿಗೂ ಇಷ್ಟು ಸಾಕು. ಆರಭಿ, ದೇವಗಾಂಧಾರಿಗಳ ಮುಂದೆ ಈ ಲೆಕ್ಕ ತಪ್ಪುತ್ತದೆ. ಎರಡಕ್ಕೂ ಅದೇ ಆರೋಹಣ, ಅದೇ ಅವರೋಹಣ. ಒಂದು ಚುರುಕಾಗಿ ನಡೆಯುತ್ತದೆ, ಇನ್ನೊಂದು ಎಳೆದು ತೂಗುತ್ತದೆ. ಸ್ವರದ ಜೊತೆಗೆ, ಅದಾದ ಕ್ಷಣದಲ್ಲಿ ಎಲ್ಲಿಗೆ ಹೋದರು ಎಂಬುದನ್ನೂ ಲೆಕ್ಕಕ್ಕೆ ತಂದ ಕಾಂಪ್‌ಮ್ಯೂಸಿಕ್ ತಂಡದ ವಿಧಾನಗಳು ಇಲ್ಲಿ ಮೇಲು. ಕಛೇರಿಯ ಮೂಲೆಯಲ್ಲಿ ಕೂತ ಹಳಬರು ಒಂದು ಎಳೆತ ಕೇಳಿದೊಡನೆ ಗುರುತು ಹಿಡಿಯುತ್ತಾರೆ, ಪಕ್ಕದವರ ಕಿವಿಯಲ್ಲಿ ಹೇಳಿಯೂ ಬಿಡುತ್ತಾರೆ.

ಕಾಂಪ್‌ಮ್ಯೂಸಿಕ್ ತಂಡ ತನ್ನ ಸಂಗ್ರಹದ ವಿವರಗಳನ್ನು ಮ್ಯೂಸಿಕ್‌ಬ್ರೇನ್ಝ್ ಎಂಬ ಸಾರ್ವಜನಿಕ ಕೋಶದಲ್ಲಿ ತುಂಬಿತು. ಅಲ್ಲಿ ಯಾರು ಬೇಕಾದರೂ ಕೃತಿ, ರಾಗ, ತಾಳ, ಪಕ್ಕವಾದ್ಯದವರ ಹೆಸರು ಸೇರಿಸಬಹುದು, ಕನ್ನಡ ಲಿಪಿಯಲ್ಲೂ ಬರೆಯಬಹುದು. ಹುಡುಕಾಟದ ಬುಡ ಇರುವುದು ಇಲ್ಲೇ. ಮೈಸೂರು ವಾಸುದೇವಾಚಾರ್ಯರ (1865–1961) ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಕೃತಿಯನ್ನು ಬಹಳ ಮಂದಿ ಬಲ್ಲದ್ದು ‘ಶಂಕರಾಭರಣಂ’ ಚಿತ್ರದಿಂದ. ಎಷ್ಟೋ ಪಟ್ಟಿಗಳಲ್ಲಿ ಆಚಾರ್ಯರ ಹೆಸರು ಕಾಣುವುದೇ ಇಲ್ಲ, ಕಂಡರೂ ಒಂದೊಂದು ಕಡೆ ಒಂದೊಂದು ಕಾಗುಣಿತ. ಹೆಸರು ತಪ್ಪಿದ ಹಾಡು ಭಂಡಾರದಲ್ಲಿದ್ದೂ ಕಳೆದುಹೋದಂತೆ. ತಮಗೆ ಹಿಂದಿನವರನ್ನೂ ತಮ್ಮ ಕಾಲದವರನ್ನೂ ‘ನಾ ಕಂಡ ಕಲಾವಿದರು’ ಪುಸ್ತಕದಲ್ಲಿ ಒಬ್ಬೊಬ್ಬರನ್ನಾಗಿ ದಾಖಲಿಸಿಟ್ಟ ಆಚಾರ್ಯರಿಗೇ ಈ ಗತಿ.

ಅದಕ್ಕೇ ಮೈಸೂರಿನ ಮಟ್ಟಿಗೆ ಈಗ ಮಾಡಬೇಕಾದ ಕೆಲಸ ಹೊಸ ಆ್ಯಪು ಬರೆಯುವುದಲ್ಲ. ಗಣೇಶೋತ್ಸವ, ರಾಮೋತ್ಸವದ ಕಛೇರಿಗಳನ್ನು ಎಪ್ಪತ್ತು ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡ ರಸಿಕರ ಮನೆಗಳ ಬೀರು ತೆರೆಸುವುದು. ಒಳ್ಳೆಯ ಸ್ಥಿತಿಯ ಡೆಕ್ಕು, ಕಂಪ್ಯೂಟರಿಗೆ ಒಂದು ಆಡಿಯೊ ಇಂಟರ್‌ಫೇಸು, ಆಡಾಸಿಟಿ ಇದ್ದರೆ ಸಾಕು. 24 ಬಿಟ್, 48,000ದ ವೇವ್ ಕಡತವಾಗಿ ಉಳಿಸಬೇಕು, ಎಂಪಿ3 ಸಾಲದು. ಪೆಟ್ಟಿಗೆಯ ಮೇಲಿನ ಕೈಬರಹದ ಚೀಟಿಯ ಫೋಟೊ ತೆಗೆದು ಜೊತೆಗಿಡಬೇಕು. ಗಾಯಕರು, ಪಕ್ಕವಾದ್ಯದವರು, ಜಾಗ, ತಾರೀಖು, ಪ್ರತಿ ಕೃತಿಯ ರಾಗ ತಾಳ, ಎಲ್ಲವನ್ನೂ ಆ ಕಛೇರಿ ಕೇಳಿದವರು ಇನ್ನೂ ನಮ್ಮೊಡನಿರುವಾಗಲೇ ಕೇಳಿ ಬರೆದುಕೊಳ್ಳಬೇಕು.

ಇಲ್ಲೊಂದು ತಾಪತ್ರಯವಿದೆ. ಸೆಲ್ಲು ಇಳಿದ ಟೇಪ್‌ರೆಕಾರ್ಡರಿನಲ್ಲಿ ನಿಧಾನವಾಗಿ ಓಡಿ ಮುದ್ರಣವಾದ ಕ್ಯಾಸೆಟ್ಟನ್ನು ಈಗ ಸರಿಯಾದ ವೇಗದಲ್ಲಿ ಹಾಕಿದರೆ ಶ್ರುತಿ ಏರಿ ಕೇಳುತ್ತದೆ. ಮೂಲ ಶ್ರುತಿ ಯಾವುದು? ಸಭೆಯ ಮೈಕ್ ಸೆಟ್ಟಿನ ಗುಂಯ್ ಎಂಬ ಕರೆಂಟಿನ ಸದ್ದು ಹಾಡಿನ ಅಡಿಯಲ್ಲಿ ಸೇರಿಕೊಂಡಿರುತ್ತದೆ. ಅದು ಸೆಕೆಂಡಿಗೆ 50 ಕಂಪನ ಇರಬೇಕು. ತಂತ್ರಾಂಶದ ಚಿತ್ರದಲ್ಲಿ 51.5 ಎಂದು ಕಂಡರೆ ಟೇಪು ಶೇಕಡಾ 3ರಷ್ಟು ಜೋರಾಗಿ ಓಡುತ್ತಿದೆ ಎಂದರ್ಥ, ಅಂದರೆ ಶ್ರುತಿ ಒಂದು ಸ್ವರಸ್ಥಾನದ ಸುಮಾರು ಅರ್ಧದಷ್ಟು ಏರಿದೆ. ಆದರೆ ಆ ದಶಕಗಳಲ್ಲಿ ನಮ್ಮ ವಿದ್ಯುತ್ ಜಾಲದ 50 ಎಂಬುದು ಹೆಸರಿಗಷ್ಟೇ. ಬೇಡಿಕೆ ಏರಿದ ಸಂಜೆಗಳಲ್ಲಿ ಅದು ಕೆಳಗಿಳಿಯುವುದು ಮಾಮೂಲಾಗಿತ್ತು, ಕಛೇರಿಗಳು ನಡೆಯುತ್ತಿದ್ದುದೂ ಸಂಜೆಯೇ. ಹಾಗಾಗಿ ಗುಂಯ್ ಸದ್ದಿನ ಅಂಕಿಯ ಪಕ್ಕದಲ್ಲಿ, ಅದೇ ಕಲಾವಿದರ ವೇಗ ಖಚಿತವಾಗಿ ಗೊತ್ತಿರುವ ಬೇರೆ ಧ್ವನಿಮುದ್ರಣಗಳ ಶ್ರುತಿಯನ್ನೂ ಬರೆದು ಹೋಲಿಸಿಕೊಂಡು ಆಮೇಲೆ ವೇಗ ತಿದ್ದಬೇಕು. ತಿದ್ದುವುದು ನಕಲು ಪ್ರತಿಯಲ್ಲಿ, ಮೂಲ ಕಡತವನ್ನು ಮುಟ್ಟುವಂತಿಲ್ಲ.